ಗ್ಲಸ್ಟರ್‌ಎಫ್‌ಎಸ್ ದಸ್ತಾವೇಜು

ಗ್ಲಸ್ಟರ್‌ಎಫ್‌ಎಸ್ ದಸ್ತಾವೇಜು ಎಂಬುದು ಗ್ಲಸ್ಟರ್‌ಎಫ್‌ಎಸ್ ಎಂಬ ಮುಕ್ತ ಆಕರ ಸಂಗ್ರಹಣಾ ತಂತ್ರಾಂಶದ ಸ್ಥಾಪನೆ, ನಿರ್ವಹಣೆ ಹಾಗೂ ದುರಸ್ತಿಗೆ ಸಂಬಂಧಿಸಿದ ಕೈಪಿಡಿಗಳು, ಬಿಡುಗಡೆ ಟಿಪ್ಪಣಿಗಳು, ಆಜ್ಞೆಗಳ ವಿವರಣೆಗಳು ಮತ್ತು ವಿನ್ಯಾಸ ಬರಹಗಳ ಸಮೂಹವಾಗಿದೆ. ಹಲವು ಗಣಕಗಳ ತಟ್ಟೆಗಳನ್ನು ಜೋಡಿಸಿ ಒಂದೇ ದೊಡ್ಡ ಕಡತ ವ್ಯವಸ್ಥೆಯಾಗಿ ತೋರಿಸುವ ಈ ತಂತ್ರಾಂಶದ ಅಭಿವೃದ್ಧಿಯ ಬಹುಭಾಗ ಬೆಂಗಳೂರಿನಲ್ಲಿ ನಡೆದಿದೆ. ಒಂದೂವರೆ ದಶಕಕ್ಕೂ ಹೆಚ್ಚು ಕಾಲದ ಬೆಳವಣಿಗೆಯಲ್ಲಿ ತಂತ್ರಾಂಶವೂ ಬದಲಾಯಿತು, ಅದರ ದಸ್ತಾವೇಜಿನ ನೆಲೆಯೂ ಹಲವು ಬಾರಿ ಬದಲಾಯಿತು. ಆದರೆ ಹಳೆಯ ಪುಟಗಳು ಅಂತರಜಾಲದಲ್ಲಿ ಹಾಗೆಯೇ ಉಳಿದುಕೊಂಡವು. ಈ ಕಾರಣದಿಂದ, ತನ್ನ ಆವೃತ್ತಿಗೆ ಹೊಂದುವ ನಂಬಲರ್ಹ ಮಾಹಿತಿಯನ್ನು ಗುರುತಿಸುವುದು ಗ್ಲಸ್ಟರ್‌ಎಫ್‌ಎಸ್ ಬಳಸುವವರಿಗೆ ಒಂದು ಪ್ರತ್ಯೇಕ ಕೆಲಸವೇ ಆಗಿದೆ. ಸಂಗ್ರಹಣಾ ತಂತ್ರಾಂಶದಲ್ಲಿ ತಪ್ಪು ಪುಟವನ್ನು ಅನುಸರಿಸಿದರೆ ದತ್ತಾಂಶವೇ ನಷ್ಟವಾಗಬಹುದು. ಪದಸಂಸ್ಕರಣೆಯ ತಂತ್ರಾಂಶದಲ್ಲಾದರೆ ಒಂದು ಗುಂಡಿ ಸಿಗದೆ ಹೋಗಬಹುದು, ಅಷ್ಟೆ.

ಹಿನ್ನೆಲೆ

ಗ್ಲಸ್ಟರ್ ಸಂಸ್ಥೆಯು 2005ರಲ್ಲಿ ಝಡ್ ರಿಸರ್ಚ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಅದರ ಮುಖ್ಯ ಕಚೇರಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿಯೂ ಎಂಜಿನಿಯರಿಂಗ್ ಕೇಂದ್ರವು ಬೆಂಗಳೂರಿನಲ್ಲಿಯೂ ಇದ್ದವು. ಆನಂದ್ ಬಾಬು ಪೆರಿಯಸಾಮಿ ಸಂಸ್ಥೆಯ ಸಂಸ್ಥಾಪಕರಲ್ಲಿ ಒಬ್ಬರು. ಗ್ನೂ ಮತ್ತು ಕ್ಲಸ್ಟರ್ ಎಂಬ ಎರಡು ಪದಗಳ ಕೂಡಿಕೆಯಿಂದ ಗ್ಲಸ್ಟರ್ ಎಂಬ ಹೆಸರು ಬಂದಿದೆ. ಲಸ್ಟರ್ ಎಂಬ ಮತ್ತೊಂದು ಕಡತ ವ್ಯವಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಹೋಲಿಕೆಯಿಂದ ಶೋಧಕ ಯಂತ್ರಗಳಲ್ಲಿ ಒಂದರ ಮಾಹಿತಿ ಮತ್ತೊಂದರೊಡನೆ ಬೆರೆತು ಬರುವುದುಂಟು.

ರೆಡ್ ಹ್ಯಾಟ್ ಸಂಸ್ಥೆಯು 2011ರ ಅಕ್ಟೋಬರ್‌ನಲ್ಲಿ ಸುಮಾರು 13.6 ಕೋಟಿ ಡಾಲರ್‌ಗಳಿಗೆ ಗ್ಲಸ್ಟರ್ ಸಂಸ್ಥೆಯನ್ನು ಕೊಂಡುಕೊಂಡಿತು. ಅಲ್ಲಿಂದ ಮುಂದೆ ಒಂದೇ ಆಕರ ಸಂಕೇತದಿಂದ ಎರಡು ಕವಲುಗಳು ಹೊರಟವು: ಸಮುದಾಯವು ಉಚಿತವಾಗಿ ಬಿಡುಗಡೆ ಮಾಡುವ ಗ್ಲಸ್ಟರ್‌ಎಫ್‌ಎಸ್, ಹಾಗೂ ರೆಡ್ ಹ್ಯಾಟ್ ತನ್ನ ಗ್ರಾಹಕರಿಗೆ ಬೆಂಬಲದೊಡನೆ ಮಾರುವ ಉತ್ಪನ್ನ. ಎರಡನೆಯದಕ್ಕೆ ಮೊದಲು ರೆಡ್ ಹ್ಯಾಟ್ ಸ್ಟೋರೇಜ್ ಸರ್ವರ್ ಎಂಬ ಹೆಸರಿತ್ತು. ಸೆಫ್ ಎಂಬ ಇನ್ನೊಂದು ಸಂಗ್ರಹಣಾ ತಂತ್ರಾಂಶದ ಹಿಂದಿದ್ದ ಇಂಕ್‌ಟ್ಯಾಂಕ್ ಸಂಸ್ಥೆಯೂ 2014ರಲ್ಲಿ ರೆಡ್ ಹ್ಯಾಟ್‌ನ ಪಾಲಾದ ಮೇಲೆ, ಎರಡನ್ನೂ ಬೇರ್ಪಡಿಸಿ ತೋರಿಸಲು 2015ರಲ್ಲಿ ಇದನ್ನು ರೆಡ್ ಹ್ಯಾಟ್ ಗ್ಲಸ್ಟರ್ ಸ್ಟೋರೇಜ್ ಎಂದು ಮರುನಾಮಕರಣ ಮಾಡಲಾಯಿತು.

ತಂತ್ರಾಂಶದ ರಚನೆಯ ಕೆಲವು ಪದಗಳನ್ನು ತಿಳಿಯದೆ ಅದರ ದಸ್ತಾವೇಜನ್ನು ಓದಲಾಗದು. ಒಂದು ಗಣಕದಲ್ಲಿ ಸಂಗ್ರಹಣೆಗೆಂದು ಮೀಸಲಿಟ್ಟ ಕಡತಕೋಶವನ್ನು ಬ್ರಿಕ್, ಅಂದರೆ ಇಟ್ಟಿಗೆ, ಎಂದು ಕರೆಯುತ್ತಾರೆ. ಹಲವು ಬ್ರಿಕ್‌ಗಳು ಸೇರಿ ಒಂದು ವಾಲ್ಯೂಮ್ ಆಗುತ್ತದೆ. ಬಳಕೆದಾರರಿಗೆ ಕಾಣುವುದು ವಾಲ್ಯೂಮ್ ಮಾತ್ರ. ಯಾವ ಕಡತ ಯಾವ ಬ್ರಿಕ್‌ನಲ್ಲಿದೆ ಎಂಬುದನ್ನು ಬರೆದಿಡುವ ಕೇಂದ್ರ ಸರ್ವರ್ ಗ್ಲಸ್ಟರ್‌ಎಫ್‌ಎಸ್‌ನಲ್ಲಿ ಇಲ್ಲ. ಕಡತದ ಹೆಸರಿನಿಂದ ಗಣಿತದ ಸೂತ್ರವೊಂದರ ಮೂಲಕ ಅದರ ಸ್ಥಾನವನ್ನು ಲೆಕ್ಕಹಾಕಲಾಗುತ್ತದೆ. ಬ್ರಿಕ್‌ನ ಒಳಗೆ ಕಡತವು ಸಾಮಾನ್ಯ ಲಿನಕ್ಸ್ ಕಡತವಾಗಿಯೇ ಇರುತ್ತದೆ. ಗ್ಲಸ್ಟರ್‌ಎಫ್‌ಎಸ್ ಸಂಪೂರ್ಣ ನಿಂತುಹೋದರೂ ಕಡತವನ್ನು ನೇರವಾಗಿ ಓದಿಕೊಳ್ಳಬಹುದು ಎಂಬುದು ಇದರ ದೊಡ್ಡ ಅನುಕೂಲ. ಅಷ್ಟೇ ಸುಲಭವಾಗಿ ಬ್ರಿಕ್‌ಗೆ ನೇರವಾಗಿ ಕೈಹಾಕಿ ವ್ಯವಸ್ಥೆಯನ್ನು ಕೆಡಿಸಲೂಬಹುದು.

ದಸ್ತಾವೇಜಿನ ನೆಲೆಗಳು

ಸಮುದಾಯದ ದಸ್ತಾವೇಜು ಮೊದಲಿಗೆ ಗ್ಲಸ್ಟರ್ ಡಾಟ್ ಆರ್ಗ್ ಜಾಲತಾಣದ ವಿಕಿಯಲ್ಲಿತ್ತು. ಮುಂದೆ ಬರಹಗಳನ್ನು ತಂತ್ರಾಂಶದ ಆಕರ ಸಂಕೇತದ ಜೊತೆಯಲ್ಲಿಯೇ ಇರಿಸಲಾಯಿತು. ಸಂಕೇತ ಬದಲಾಯಿಸುವವರೇ ವಿವರಣೆಯನ್ನೂ ಬದಲಾಯಿಸಲು ಇದರಿಂದ ಅನುಕೂಲವಿತ್ತು. ಅನಂತರ ಅವುಗಳನ್ನು ಬೇರ್ಪಡಿಸಿ ಗಿಟ್‌ಹಬ್‌ನಲ್ಲಿ ‘ಗ್ಲಸ್ಟರ್‌ಡಾಕ್ಸ್’ ಎಂಬ ಪ್ರತ್ಯೇಕ ಭಂಡಾರವನ್ನು ಮಾಡಲಾಯಿತು. ಅಲ್ಲಿನ ಪಠ್ಯದಿಂದ ರೂಪುಗೊಂಡ ಪುಟಗಳು ರೀಡ್‌ದಡಾಕ್ಸ್ ಸೇವೆಯ ಮೂಲಕ ಪ್ರಕಟವಾಗಿ, ಕೊನೆಗೆ ಡಾಕ್ಸ್ ಡಾಟ್ ಗ್ಲಸ್ಟರ್ ಡಾಟ್ ಆರ್ಗ್ ಎಂಬ ವಿಳಾಸದಲ್ಲಿ ನೆಲೆಗೊಂಡವು. ಸ್ಥಾಪನೆಯ ಮಾರ್ಗದರ್ಶಿ, ಆಡಳಿತಗಾರರ ಕೈಪಿಡಿ, ಆವೃತ್ತಿ ಏರಿಸುವ ಮಾರ್ಗದರ್ಶಿ ಮತ್ತು ಬಿಡುಗಡೆ ಟಿಪ್ಪಣಿಗಳು ಇಲ್ಲಿವೆ.

ದೋಷ ವರದಿಗಳೂ ಸ್ಥಳ ಬದಲಾಯಿಸಿದವು. ಬಹುಕಾಲ ರೆಡ್ ಹ್ಯಾಟ್‌ನ ಬಗ್‌ಜಿಲ್ಲಾದಲ್ಲಿ ದಾಖಲಾಗುತ್ತಿದ್ದ ದೋಷಗಳು 2020ರಿಂದ ಗಿಟ್‌ಹಬ್‌ನಲ್ಲಿ ದಾಖಲಾಗತೊಡಗಿದವು. ಹೀಗಾಗಿ ಹಳೆಯ ಬಿಡುಗಡೆ ಟಿಪ್ಪಣಿಯ ದೋಷಸಂಖ್ಯೆ ಒಂದು ಕಡೆಗೆ ಬೆರಳು ತೋರಿಸಿದರೆ ಹೊಸದರ ಸಂಖ್ಯೆ ಇನ್ನೊಂದು ಕಡೆಗೆ ತೋರಿಸುತ್ತದೆ. ಏಳು ಅಂಕಿಗಳ ಸಂಖ್ಯೆ ಕಂಡರೆ ಅದು ಸಾಮಾನ್ಯವಾಗಿ ಬಗ್‌ಜಿಲ್ಲಾದ್ದು.

ಆವೃತ್ತಿ ಸಂಖ್ಯೆಗಳ ಗೊಂದಲ

ಸಮುದಾಯದ ಬಿಡುಗಡೆಗಳು 3.1, 3.2 ಎಂದು ಮುಂದುವರಿದು 3.13ರವರೆಗೆ ನಡೆದು, 2018ರ ಮಾರ್ಚ್‌ನಲ್ಲಿ 4.0ಕ್ಕೆ ಬಂದವು. ಅದೇ ವರ್ಷದ ಕೊನೆಯಿಂದ 5, 6, 7 ಎಂದು ಪೂರ್ಣಾಂಕಗಳಲ್ಲಿ ಸಾಗಿ, 2023ರ ಫೆಬ್ರವರಿಯಲ್ಲಿ 11ನೆಯ ಮುಖ್ಯ ಆವೃತ್ತಿ ಹೊರಬಂತು. ಇಷ್ಟಾದರೆ ತೊಡಕಿರಲಿಲ್ಲ. ರೆಡ್ ಹ್ಯಾಟ್ ಉತ್ಪನ್ನದ ಸಂಖ್ಯೆಗಳೂ 3.0ಯಿಂದ 3.5ರವರೆಗೆ ಬೇರೆಯೇ ಸರಣಿಯಲ್ಲಿ ಸಾಗಿದುದು ಗೊಂದಲಕ್ಕೆ ಕಾರಣವಾಯಿತು. ಸಮುದಾಯದ ಗ್ಲಸ್ಟರ್‌ಎಫ್‌ಎಸ್ 3.5 ಬಿಡುಗಡೆಯಾದದ್ದು 2014ರಲ್ಲಿ. ರೆಡ್ ಹ್ಯಾಟ್ ಗ್ಲಸ್ಟರ್ ಸ್ಟೋರೇಜ್ 3.5 ಬಿಡುಗಡೆಯಾದದ್ದು 2019ರಲ್ಲಿ, ಅದೂ ಸಮುದಾಯದ 6ನೆಯ ಆವೃತ್ತಿಯ ಆಧಾರದ ಮೇಲೆ. ‘ಗ್ಲಸ್ಟರ್ 3.5 ಕೈಪಿಡಿ’ ಎಂದು ಹುಡುಕಿದವರಿಗೆ ಐದು ವರ್ಷಗಳ ಅಂತರವಿರುವ ಎರಡು ತಂತ್ರಾಂಶಗಳ ಪುಟಗಳು ಒಟ್ಟಿಗೆ ದೊರೆಯುತ್ತವೆ, ಮತ್ತು ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುತ್ತವೆ. ರೆಡ್ ಹ್ಯಾಟ್‌ನ ಕೈಪಿಡಿಗಳು ಅಚ್ಚುಕಟ್ಟಾಗಿಯೂ ವಿಸ್ತಾರವಾಗಿಯೂ ಇರುವುದರಿಂದ ಸಮುದಾಯದ ಆವೃತ್ತಿ ಬಳಸುವವರೂ ಅವುಗಳನ್ನೇ ನೆಚ್ಚುತ್ತಾರೆ. ಇದರಲ್ಲಿ ತಪ್ಪಿಲ್ಲ, ಆದರೆ ಎರಡರ ಸಂಖ್ಯೆಗಳನ್ನು ಮೊದಲು ಹೊಂದಿಸಿ ನೋಡಿಕೊಳ್ಳಬೇಕು.

ಮೂರನೆಯ ಸಂಖ್ಯೆಯೊಂದು ಗುಂಪಿನ ಒಳಗೇ ಅಡಗಿರುತ್ತದೆ. ಅದನ್ನು ಆಪ್-ವರ್ಷನ್ ಎನ್ನುತ್ತಾರೆ. ಗುಂಪಿನ ಎಲ್ಲ ಗಣಕಗಳಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸಿದ ಮೇಲೂ, ಆಡಳಿತಗಾರರು ಈ ಸಂಖ್ಯೆಯನ್ನು ತಾವಾಗಿ ಏರಿಸುವವರೆಗೆ ಗುಂಪು ಹಳೆಯ ಮಟ್ಟದಲ್ಲಿಯೇ ನಡೆಯುತ್ತಿರುತ್ತದೆ. ಅಂತಹ ಗುಂಪಿನಲ್ಲಿ ಹೊಸ ಕೈಪಿಡಿಯಲ್ಲಿ ಬರೆದಿರುವ ಕೆಲವು ಆಯ್ಕೆಗಳು ಕೆಲಸ ಮಾಡುವುದಿಲ್ಲ. ಓದುಗರು ಕೈಪಿಡಿಯೇ ತಪ್ಪೆಂದು ಭಾವಿಸುವ ಸಂದರ್ಭಗಳಲ್ಲಿ ಇದೂ ಒಂದು.

ಹಳತಾದ ಸೂಚನೆಗಳು

ಗ್ಲಸ್ಟರ್‌ಎಫ್‌ಎಸ್ ಕುರಿತ ಬರಹವೊಂದು ಯಾವ ಕಾಲದ್ದೆಂಬುದನ್ನು ಅದರೊಳಗಿನ ಸೂಚನೆಗಳಿಂದಲೇ ಬಹುಮಟ್ಟಿಗೆ ಊಹಿಸಬಹುದು. 2010ರಲ್ಲಿ ಬಂದ 3.1ಕ್ಕೆ ಮೊದಲು ವಾಲ್ಯೂಮಿನ ರಚನೆಯನ್ನು ವಾಲ್‌ಫೈಲ್ ಎಂಬ ಪಠ್ಯಕಡತಗಳಲ್ಲಿ ಕೈಯಿಂದಲೇ ಬರೆಯಬೇಕಿತ್ತು. 3.1ರಲ್ಲಿ ‘ಗ್ಲಸ್ಟರ್’ ಎಂಬ ಆಜ್ಞೆಯೂ ಹಿನ್ನೆಲೆಯಲ್ಲಿ ನಡೆಯುವ ಗ್ಲಸ್ಟರ್‌ಡಿ ಸೇವೆಯೂ ಬಂದ ಮೇಲೆ ಆ ಕಡತಗಳನ್ನು ವ್ಯವಸ್ಥೆಯೇ ಸೃಷ್ಟಿಸತೊಡಗಿತು. ವಾಲ್‌ಫೈಲ್ ಬರೆಯಲು ಹೇಳಿಕೊಡುವ ಪುಟ ಇತಿಹಾಸದ ಆಸಕ್ತರಿಗೆ ಮಾತ್ರ ಉಪಯುಕ್ತ.

ಅಗ್ನಿಗೋಡೆಯಲ್ಲಿ ತೆರೆಯಬೇಕಾದ ಪೋರ್ಟ್‌ಗಳ ವಿಷಯ ಇನ್ನಷ್ಟು ಬೋಧಪ್ರದವಾಗಿದೆ. ಗ್ಲಸ್ಟರ್‌ಡಿ ಸೇವೆಯ ಪೋರ್ಟ್ 24007. ಬ್ರಿಕ್‌ಗಳ ಪೋರ್ಟ್‌ಗಳು 3.3ರವರೆಗೆ 24009ರಿಂದ ಆರಂಭವಾಗುತ್ತಿದ್ದವು, 2013ರ 3.4ರಿಂದ 49152ರಿಂದ ಆರಂಭವಾಗಿ ಪ್ರತಿ ಬ್ರಿಕ್‌ಗೆ ಒಂದರಂತೆ ಅನುಕ್ರಮವಾಗಿ ಏರಿದವು. 2021ರ 10ನೆಯ ಆವೃತ್ತಿಯಿಂದ 49152 ಮತ್ತು 60999ರ ನಡುವೆ ಯಾದೃಚ್ಛಿಕವಾಗಿ ಆಯ್ಕೆಯಾಗುತ್ತವೆ. ಉಬುಂಟು 20.04ರ ಜೊತೆಗೆ ಬರುವ ಗ್ಲಸ್ಟರ್‌ಎಫ್‌ಎಸ್ 7.2; ಉಬುಂಟು 22.04ರ ಜೊತೆಗೆ ಬರುವುದು 10.1. ಮೊದಲನೆಯದರಲ್ಲಿ ಸರಿಯಾಗಿ ನಡೆದಿದ್ದ, ನಾಲ್ಕೈದು ಪೋರ್ಟ್‌ಗಳನ್ನಷ್ಟೇ ತೆರೆದ ಅಗ್ನಿಗೋಡೆಯ ನಿಯಮವು ಎರಡನೆಯದರಲ್ಲಿ ಬ್ರಿಕ್‌ಗಳನ್ನು ಮುಚ್ಚಿಬಿಡಬಹುದು. ಆಗ ಗಣಕಗಳು ಪರಸ್ಪರ ಗುರುತಿಸಿಕೊಂಡಂತೆ ಕಾಣುತ್ತವೆ, ಕಡತಗಳು ಮಾತ್ರ ತೆರೆದುಕೊಳ್ಳುವುದಿಲ್ಲ.

ನಿಜವಾದ ಅಪಾಯವಿರುವುದು ಪ್ರತಿಗಳ ವಿಷಯದಲ್ಲಿ. ಪ್ರತಿ ಕಡತವನ್ನು ಎರಡು ಗಣಕಗಳಲ್ಲಿ ಇರಿಸುವ ‘ರೆಪ್ಲಿಕಾ 2’ ವಾಲ್ಯೂಮನ್ನು ಹಳೆಯ ಮಾರ್ಗದರ್ಶಿಗಳು ಬಹುಪಾಲು ಮೊದಲ ಪಾಠವಾಗಿಯೇ ಕಲಿಸುತ್ತವೆ. ಎರಡು ಗಣಕಗಳ ನಡುವಿನ ಸಂಪರ್ಕ ಕಡಿದಾಗ ಎರಡೂ ಬದಿಯಲ್ಲಿ ಬೇರೆ ಬೇರೆ ಬರವಣಿಗೆ ನಡೆದರೆ, ಸಂಪರ್ಕ ಮರಳಿದ ಮೇಲೆ ಯಾವ ಪ್ರತಿ ಸರಿಯೆಂದು ತೀರ್ಮಾನಿಸಲು ವ್ಯವಸ್ಥೆಗೆ ಆಧಾರವೇ ಇರುವುದಿಲ್ಲ. ಈ ಸ್ಥಿತಿಗೆ ಸ್ಪ್ಲಿಟ್-ಬ್ರೈನ್ ಎಂದು ಹೆಸರು. ಇಬ್ಬರು ಸಾಕ್ಷಿಗಳು ವಿರುದ್ಧವಾಗಿ ನುಡಿದಾಗ ಮೂರನೆಯವರು ಬೇಕಾಗುವಂತೆ, ಇಲ್ಲಿಯೂ ಮೂರನೆಯ ಮತ ಬೇಕು. 2015ರ 3.7ರಲ್ಲಿ ಇದಕ್ಕಾಗಿ ಆರ್ಬಿಟರ್ ಬ್ರಿಕ್ ಬಂದಿತು. ಅದು ಕಡತದ ತಿರುಳನ್ನು ಇರಿಸಿಕೊಳ್ಳದೆ ಹೆಸರು ಮತ್ತು ಗುಣವಿವರಗಳನ್ನು ಮಾತ್ರ ಇರಿಸಿಕೊಳ್ಳುತ್ತದೆ, ಆದ್ದರಿಂದ ಮೂರನೆಯ ಗಣಕಕ್ಕೆ ದೊಡ್ಡ ತಟ್ಟೆ ಬೇಕಾಗುವುದಿಲ್ಲ. ಇತ್ತೀಚಿನ ಆವೃತ್ತಿಗಳಲ್ಲಿ ರೆಪ್ಲಿಕಾ 2 ವಾಲ್ಯೂಮನ್ನು ರಚಿಸಲು ಹೊರಟರೆ ತಂತ್ರಾಂಶವೇ ಎಚ್ಚರಿಕೆ ನೀಡಿ, ಆರ್ಬಿಟರ್ ಅಥವಾ ರೆಪ್ಲಿಕಾ 3 ಬಳಸುವಂತೆ ಸೂಚಿಸಿ, ಮುಂದುವರಿಯಬೇಕೇ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಹೌದು ಎಂದು ಉತ್ತರಿಸಲು ಹೇಳುವ ಪುಟಗಳನ್ನು ಅನುಮಾನದಿಂದಲೇ ನೋಡಬೇಕು.

ಆರ್ಬಿಟರ್ ರಚಿಸುವ ಆಜ್ಞೆಯೂ ಎರಡು ರೂಪಗಳಲ್ಲಿ ಕಾಣಸಿಗುತ್ತದೆ: ಹಳೆಯ ಬರಹಗಳಲ್ಲಿ ‘ರೆಪ್ಲಿಕಾ 3 ಆರ್ಬಿಟರ್ 1’, ಹೊಸವುಗಳಲ್ಲಿ ‘ರೆಪ್ಲಿಕಾ 2 ಆರ್ಬಿಟರ್ 1’. ಎರಡರ ಅರ್ಥವೂ ಒಂದೇ, ಅಂದರೆ ದತ್ತಾಂಶದ ಎರಡು ಪ್ರತಿ ಮತ್ತು ಒಂದು ಆರ್ಬಿಟರ್. ಹಳೆಯ ರೂಪವು ಮೂರು ಪೂರ್ಣ ಪ್ರತಿಗಳಿವೆಯೆಂಬ ಭ್ರಮೆ ಹುಟ್ಟಿಸುತ್ತಿತ್ತೆಂದು ಹೊಸ ರೂಪವನ್ನು ತರಲಾಯಿತು; ಹೊಂದಾಣಿಕೆಗಾಗಿ ಹಳೆಯದನ್ನೂ ಉಳಿಸಿಕೊಳ್ಳಲಾಗಿದೆ. ಪುಟಗಳು ಪರಸ್ಪರ ಒಪ್ಪದಿದ್ದಾಗಲೆಲ್ಲ ಒಂದು ತಪ್ಪೆಂದೇ ತಿಳಿಯಬೇಕಾಗಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಸ್ಪ್ಲಿಟ್-ಬ್ರೈನ್ ಸಂಭವಿಸಿದ ಮೇಲೆ ಮಾಡಬೇಕಾದ ದುರಸ್ತಿಯ ಬಗ್ಗೆ ಮೂರು ಕಾಲದ ಸಲಹೆಗಳು ಅಂತರಜಾಲದಲ್ಲಿ ಏಕಕಾಲಕ್ಕೆ ಓಡಾಡುತ್ತಿವೆ. ಅತ್ಯಂತ ಹಳೆಯದು, ತಪ್ಪಾದ ಪ್ರತಿಯನ್ನು ಬ್ರಿಕ್‌ನಿಂದ ನೇರವಾಗಿ ಅಳಿಸಿ, ವಾಲ್ಯೂಮಿನ ಎಲ್ಲ ಕಡತಗಳನ್ನೂ ಒಮ್ಮೆ ಮುಟ್ಟಿಬರುವ ಶೋಧ ಆಜ್ಞೆಯನ್ನು ಓಡಿಸಬೇಕೆನ್ನುತ್ತದೆ. ಆ ಕಾಲದಲ್ಲಿ ಕಡತವನ್ನು ಯಾರಾದರೂ ತೆರೆದಾಗ ಮಾತ್ರ ಅದರ ದುರಸ್ತಿ ನಡೆಯುತ್ತಿದ್ದುದರಿಂದ ಸಲಹೆ ಸರಿಯಾಗಿತ್ತು. 2012ರ 3.3ರಲ್ಲಿ ತಾನಾಗಿ ದುರಸ್ತಿ ನಡೆಸುವ ಸೇವೆ ಬಂದಿತು. ಜೊತೆಗೆ ಪ್ರತಿ ಬ್ರಿಕ್‌ನಲ್ಲಿ ‘ಡಾಟ್‌ಗ್ಲಸ್ಟರ್‌ಎಫ್‌ಎಸ್’ ಎಂಬ ಗುಪ್ತ ಕಡತಕೋಶವೂ ಅದರೊಳಗೆ ಪ್ರತಿ ಕಡತಕ್ಕೂ ಇನ್ನೊಂದು ಕೊಂಡಿಯೂ ಇರತೊಡಗಿದವು. ಅಲ್ಲಿಂದ ಮುಂದೆ ಕಡತವನ್ನಷ್ಟೇ ಅಳಿಸಿ ಕೊಂಡಿಯನ್ನು ಬಿಟ್ಟರೆ ಕೆಲಸ ಅರ್ಧವಾಗುತ್ತದೆ, ಮತ್ತು ಹೊಸ ತೊಂದರೆಗೆ ದಾರಿಯಾಗುತ್ತದೆ. ಎರಡನ್ನೂ ಅಳಿಸಲು ಹೇಳುವ ಪುಟಗಳು ಈ ಎರಡನೆಯ ಕಾಲದವು. 3.7ರಿಂದ ಬ್ರಿಕ್‌ಗೆ ಕೈಹಾಕುವ ಅಗತ್ಯವೇ ಬಹುತೇಕ ಇಲ್ಲವಾಯಿತು: ‘ಗ್ಲಸ್ಟರ್ ವಾಲ್ಯೂಮ್ ಹೀಲ್’ ಆಜ್ಞೆಗೆ ದೊಡ್ಡ ಕಡತವನ್ನು ಆರಿಸು ಎಂದೋ, ಇಂತಹ ಬ್ರಿಕ್‌ನ ಪ್ರತಿಯನ್ನು ಆರಿಸು ಎಂದೋ ಹೇಳಿದರೆ ಸಾಕು. ಮೊದಲ ಕಾಲದ ಸಲಹೆಯನ್ನು ಇಂದಿನ ಗುಂಪಿನ ಮೇಲೆ ಪ್ರಯೋಗಿಸುವುದು ಉಳಿದ ಒಳ್ಳೆಯ ಪ್ರತಿಗೂ ಕುತ್ತಾಗಬಹುದು. ಯಾವ ಸಲಹೆಯನ್ನೇ ಅನುಸರಿಸಿದರೂ ಎರಡೂ ಪ್ರತಿಗಳನ್ನು ಮೊದಲು ಬೇರೆಡೆ ನಕಲು ಮಾಡಿಟ್ಟುಕೊಳ್ಳುವುದು ವಿವೇಕ.

ಕೆಲವು ಸೌಲಭ್ಯಗಳು ಪೂರ್ಣವಾಗಿ ಇಲ್ಲವಾಗಿವೆ. ಒಂದು ಕಡತವನ್ನು ತುಂಡರಿಸಿ ಹಲವು ಬ್ರಿಕ್‌ಗಳಿಗೆ ಹಂಚುವ ಸ್ಟ್ರೈಪ್ ವಾಲ್ಯೂಮ್, ವೇಗದ ಮತ್ತು ನಿಧಾನದ ತಟ್ಟೆಗಳ ನಡುವೆ ಕಡತಗಳನ್ನು ಸಾಗಿಸುವ ಟಿಯರಿಂಗ್ ಇವೆರಡನ್ನೂ 2019ರ 6ನೆಯ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಅವನ್ನು ಬಳಸುತ್ತಿದ್ದವರು ದತ್ತಾಂಶವನ್ನು ಬೇರೆ ಬಗೆಯ ವಾಲ್ಯೂಮಿಗೆ ಸಾಗಿಸಿದ ಮೇಲೆಯೇ ಆವೃತ್ತಿ ಏರಿಸಬೇಕಿತ್ತು. 4.0ರೊಡನೆ ಮುನ್ನೋಟವಾಗಿ ಬಂದ ಗ್ಲಸ್ಟರ್‌ಡಿ2 ಎಂಬ ಹೊಸ ನಿರ್ವಹಣಾ ಸೇವೆಯಂತೂ ಹಳೆಯದರ ಸ್ಥಾನವನ್ನು ಪಡೆಯುವ ಮೊದಲೇ ನಿಂತುಹೋಯಿತು. ಅದರ ಬಗೆಗಿನ ಬರಹಗಳು ಭವಿಷ್ಯದ ಕೈಪಿಡಿಯ ಧಾಟಿಯಲ್ಲಿಯೇ ಉಳಿದಿವೆ.

ನಂಬಲರ್ಹ ಮಾಹಿತಿಯ ಆಯ್ಕೆ

ಮೊದಲು ತಿಳಿಯಬೇಕಾದುದು ತನ್ನಲ್ಲಿರುವ ಆವೃತ್ತಿ. ‘ಗ್ಲಸ್ಟರ್’ ಆಜ್ಞೆಗೆ ‘ವರ್ಷನ್’ ಎಂಬ ಆಯ್ಕೆ ಕೊಟ್ಟರೆ ಸ್ಥಾಪಿತ ತಂತ್ರಾಂಶದ ಸಂಖ್ಯೆ ತಿಳಿಯುತ್ತದೆ. ಇದಾದ ಮೇಲೆ ಹತ್ತಿರದ ಕೈಪಿಡಿ ಅದೇ ಗಣಕದಲ್ಲಿದೆ. ತಂತ್ರಾಂಶದೊಡನೆ ಸ್ಥಾಪನೆಯಾಗುವ ಮ್ಯಾನ್ ಪುಟಗಳೂ ಆಜ್ಞೆಯ ಒಳಗಿನ ಸಹಾಯವೂ ಆ ಆವೃತ್ತಿಯೊಡನೆಯೇ ಹುಟ್ಟಿದವು. ಅದರಲ್ಲೂ ‘ಗ್ಲಸ್ಟರ್ ವಾಲ್ಯೂಮ್ ಸೆಟ್ ಹೆಲ್ಪ್’ ಎಂಬ ಆಜ್ಞೆಯು ವಾಲ್ಯೂಮಿನ ಆಯ್ಕೆಗಳನ್ನು ಪೂರ್ವನಿಯೋಜಿತ ಮೌಲ್ಯ ಮತ್ತು ವಿವರಣೆಯೊಡನೆ ಪಟ್ಟಿಮಾಡುತ್ತದೆ. ಈ ಪಟ್ಟಿಯನ್ನು ಜಾಲತಾಣದ ಯಾವ ಪುಟದ ಮಾತಿಗಿಂತ ಮೇಲಿನದೆಂದು ಪರಿಗಣಿಸಬಹುದು. ಕಾರಣ ಸರಳ: ಅದು ಸಂಕೇತದಿಂದಲೇ ಬರುತ್ತದೆ. ಆದರೆ ಯಾವ ಆಯ್ಕೆಯನ್ನು ಯಾವಾಗ ಏಕೆ ಬದಲಾಯಿಸಬೇಕೆಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಆಡಳಿತಗಾರರ ಕೈಪಿಡಿಯೇ ಬೇಕು.

ಆ ಕೈಪಿಡಿಯ ‘ಲೇಟೆಸ್ಟ್’ ಪ್ರತಿಯನ್ನೇ ಓದುಗರು ಸಾಮಾನ್ಯವಾಗಿ ತಲುಪುತ್ತಾರೆ. ಹಳೆಯ ಆವೃತ್ತಿಯನ್ನು ನಡೆಸುತ್ತಿರುವವರಿಗೆ ಹೊಸ ಪುಟವೂ ಹಳೆಯ ಪುಟದಷ್ಟೇ ದಾರಿತಪ್ಪಿಸಬಲ್ಲದು. ಈ ಕೊರತೆಯನ್ನು ತುಂಬುವುದು ಬಿಡುಗಡೆ ಟಿಪ್ಪಣಿಗಳು. ತನ್ನ ಆವೃತ್ತಿಯಿಂದ ಇಂದಿನವರೆಗಿನ ಟಿಪ್ಪಣಿಗಳನ್ನು ಸಾಲಾಗಿ ಓದಿದರೆ ಯಾವುದು ಯಾವಾಗ ಸೇರಿತು, ಯಾವುದು ಹೋಯಿತು ಎಂಬುದು ಸ್ಪಷ್ಟವಾಗುತ್ತದೆ. ಗ್ಲಸ್ಟರ್‌ಡಾಕ್ಸ್ ಭಂಡಾರದಲ್ಲಿ ಪ್ರತಿ ಪುಟದ ತಿದ್ದುಪಡಿಗಳ ಇತಿಹಾಸವೂ ಲಭ್ಯವಿರುವುದರಿಂದ, ಪುಟವೊಂದು ಕೊನೆಯ ಬಾರಿ ಯಾವಾಗ ಬದಲಾಯಿತೆಂದು ಪರಿಶೀಲಿಸಬಹುದು. ಇತ್ತೀಚಿನ ದಿನಾಂಕ ಮಾತ್ರವೇ ಭರವಸೆಯಲ್ಲ. ಅಕ್ಷರದೋಷ ತಿದ್ದಿದರೂ ದಿನಾಂಕ ಹೊಸದಾಗುತ್ತದೆ.

ವಿದ್ಯಾರ್ಥಿಗಳಿಗೆ ಈ ವಿಷಯ ಪಠ್ಯದ ಮೂಲಕವೂ ಎದುರಾಗುತ್ತದೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿಯುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015 ಮತ್ತು 2018ರ ಪಠ್ಯಕ್ರಮಗಳಲ್ಲಿ ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್ಸ್ ಐಚ್ಛಿಕ ವಿಷಯವಾಗಿತ್ತು. ಅಂತಹ ಪಠ್ಯದ ತತ್ವಗಳು ಬೇಗ ಹಳತಾಗುವುದಿಲ್ಲ, ಆಜ್ಞೆಗಳು ಹಳತಾಗುತ್ತವೆ. ಒಂದೇ ಮಡಿಲ ಗಣಕದಲ್ಲಿ ಮೂರು ಕಲ್ಪಿತ ಯಂತ್ರಗಳನ್ನು ರಚಿಸಿ, ಕೈಪಿಡಿಯ ಸೂಚನೆಯನ್ನು ಅಲ್ಲಿ ಮೊದಲು ನಡೆಸಿ, ಒಂದು ಯಂತ್ರವನ್ನು ಬೇಕೆಂದೇ ನಿಲ್ಲಿಸಿ ನೋಡುವುದು ಅಗ್ಗದ ಪರೀಕ್ಷೆ. ಬೆಲೆಬಾಳುವ ದತ್ತಾಂಶವಿರುವ ಗುಂಪಿನ ಮೇಲೆ ಯಾವ ಸೂಚನೆಯನ್ನೂ ಮೊದಲ ಬಾರಿಗೆ ಪ್ರಯೋಗಿಸುವಂತಿಲ್ಲ.

ಇತರ ತಂತ್ರಾಂಶಗಳಲ್ಲಿ

ಸೆಫ್ ತನ್ನ ದಸ್ತಾವೇಜಿನ ವಿಳಾಸದಲ್ಲಿಯೇ ಆವೃತ್ತಿಯ ಹೆಸರನ್ನು ಸೇರಿಸುತ್ತದೆ, ಮತ್ತು ಆವೃತ್ತಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸಮುದ್ರಜೀವಿಗಳ ಹೆಸರುಗಳನ್ನು ಇಡುತ್ತದೆ. ಆದರೂ ಅಲ್ಲಿಯೂ ಸೆಫ್-ಡಿಪ್ಲಾಯ್ ಎಂಬ ಹಳೆಯ ಸಾಧನವನ್ನು ಕಲಿಸುವ ಪುಟಗಳು ಸಿಗುತ್ತವೆ. ಅದರ ಸ್ಥಾನಕ್ಕೆ 2020ರ ಆಕ್ಟೋಪಸ್ ಆವೃತ್ತಿಯಲ್ಲಿ ಸೆಫ್‌ಎಡಿಎಂ ಬಂದಿದೆ. ಬೆಂಗಳೂರಿನಲ್ಲಿ ರೂಪುಗೊಂಡ ಮತ್ತೊಂದು ಯೋಜನೆ ಓಪನ್‌ಇಬಿಎಸ್ 2024ರ 4.0ರಲ್ಲಿ ತನ್ನ ಹಿಂದಿನ ಜೀವಾ ಮತ್ತು ಸಿಸ್ಟೋರ್ ಎಂಜಿನ್‌ಗಳನ್ನು ಬಿಟ್ಟು ಮಾಯಾಸ್ಟೋರ್ ಕಡೆಗೆ ಸಾಗಿತು. ಪೆರಿಯಸಾಮಿ ಅವರು ಗ್ಲಸ್ಟರ್ ಬಳಿಕ ಸಹಸ್ಥಾಪಿಸಿದ ಮಿನಿಯೋ ತಂತ್ರಾಂಶದ ಸಮುದಾಯ ಆವೃತ್ತಿಯಲ್ಲಿ, ಜಾಲಪುಟದ ಮೂಲಕ ಆಡಳಿತ ನಡೆಸುವ ಸೌಲಭ್ಯಗಳನ್ನು 2025ರಲ್ಲಿ ತೆಗೆಯಲಾಯಿತು. ಅದಕ್ಕೆ ಮೊದಲು ಬರೆದ ಸಚಿತ್ರ ಮಾರ್ಗದರ್ಶಿಗಳಲ್ಲಿನ ಗುಂಡಿಗಳು ಹೊಸ ಪರದೆಯಲ್ಲಿ ಕಾಣುವುದಿಲ್ಲ.

ಇತ್ತೀಚಿನ ಸ್ಥಿತಿ

ರೆಡ್ ಹ್ಯಾಟ್ ಗ್ಲಸ್ಟರ್ ಸ್ಟೋರೇಜ್ ಉತ್ಪನ್ನದ ಬೆಂಬಲವು 2024ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಸಮುದಾಯದ ಗ್ಲಸ್ಟರ್‌ಎಫ್‌ಎಸ್ ಆಕರ ಸಂಕೇತ ಮುಕ್ತವಾಗಿಯೇ ಇದೆ, ಆದರೆ ಅದನ್ನು ಬಳಸುತ್ತಿದ್ದ ಇತರ ತಂತ್ರಾಂಶಗಳು ಒಂದೊಂದಾಗಿ ಹಿಂದೆ ಸರಿದಿವೆ. ಕುಬರ್ನೆಟಿಸ್ ತನ್ನೊಳಗಿನ ಗ್ಲಸ್ಟರ್‌ಎಫ್‌ಎಸ್ ಜೋಡಣೆಯನ್ನು 2022ರ 1.26ನೆಯ ಆವೃತ್ತಿಯಲ್ಲಿ ತೆಗೆದುಹಾಕಿತು. ಪ್ರಾಕ್ಸ್‌ಮಾಕ್ಸ್ ವಿಇ 2025ರ 9ನೆಯ ಆವೃತ್ತಿಯಲ್ಲಿ ಬೆಂಬಲ ನಿಲ್ಲಿಸಿತು. ಇವುಗಳೊಡನೆ ಗ್ಲಸ್ಟರ್‌ಎಫ್‌ಎಸ್ ಜೋಡಿಸುವ ಬಗೆಯನ್ನು ವಿವರಿಸುವ ಪುಟಗಳನ್ನು ಓದುವಾಗ ಎರಡು ತಂತ್ರಾಂಶಗಳ ಆವೃತ್ತಿಗಳನ್ನೂ ನೋಡಬೇಕಾಗುತ್ತದೆ.

ಗ್ಲಸ್ಟರ್‌ಎಫ್‌ಎಸ್ ಅಭಿವೃದ್ಧಿಯಲ್ಲಿ ತೊಡಗಿದ್ದ ಬೆಂಗಳೂರಿನ ಕೆಲವರು ಆರಂಭಿಸಿದ ಕುಬರ್ನೆಟಿಸ್ ಸಂಗ್ರಹಣಾ ಯೋಜನೆಯ ಹೆಸರು ‘ಕಡಲು’. ಕನ್ನಡದ ಪದವನ್ನೇ ಹೆಸರಾಗಿ ಪಡೆದ ಈ ಯೋಜನೆ ಒಳಗೆ ಗ್ಲಸ್ಟರ್‌ಎಫ್‌ಎಸ್ ಅನ್ನೇ ಬಳಸುತ್ತದೆಯಾದರೂ ಗ್ಲಸ್ಟರ್‌ಡಿ ಸೇವೆಯನ್ನು ಬಳಸುವುದಿಲ್ಲ. ವಾಲ್‌ಫೈಲ್‌ಗಳನ್ನು ತಾನೇ ಸೃಷ್ಟಿಸಿ ಬ್ರಿಕ್‌ಗಳನ್ನು ನೇರವಾಗಿ ನಡೆಸುತ್ತದೆ. ಆದ್ದರಿಂದ ಗ್ಲಸ್ಟರ್‌ಎಫ್‌ಎಸ್ ಕೈಪಿಡಿಯ ‘ಗ್ಲಸ್ಟರ್ ವಾಲ್ಯೂಮ್’ ಆಜ್ಞೆಗಳು ಕಡಲುವಿನ ಸಂಗ್ರಹಣೆಗೆ ಅನ್ವಯಿಸುವುದಿಲ್ಲ, ಅದಕ್ಕೆ ಅದರದೇ ದಸ್ತಾವೇಜು ಇದೆ.